ಡಾರ್ಕಸ್ ಸಗ್ಡನ್ ಹೆಸರಿಗೆ ಗೀಟು ಎಳೆದ ದಿನ

ಥಾರ್ನ್‌ಬೆಕ್ ಸೇತುವೆಯ ಮಗ್ಗುಲಲ್ಲಿ ಮೂವತ್ನಾಲ್ಕು ವರ್ಷದಿಂದ ದಿನಸಿ ಅಂಗಡಿ ಇಟ್ಟುಕೊಂಡಿರುವ ನನಗೆ ಈ ಊರಿನವರ ವಿಷಯ ಪಾದ್ರಿಗಿಂತ ಚೆನ್ನಾಗಿ ಗೊತ್ತು. ಪಾದ್ರಿಯ ಹತ್ತಿರ ಜನ ತಮ್ಮ ಒಳ್ಳೆಯತನ ಹೇಳಿಕೊಳ್ಳುತ್ತಾರೆ, ನನ್ನ ಹತ್ತಿರ ತಮಗೆ ಬೇಕಾದ್ದನ್ನು ಕೇಳುತ್ತಾರೆ. ಎರಡಕ್ಕೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಅಳೆಯುತ್ತಾ ಕೂತರೆ ಅಂಗಡಿಯವನಿಗೆ ಬೇಸರವೆಂಬುದೇ ಇರುವುದಿಲ್ಲ. ಡಾರ್ಕಸ್ ಸಗ್ಡನ್ ಒಬ್ಬಳ ವಿಷಯದಲ್ಲಿ ಮಾತ್ರ ನನಗೆ ಆ ಮೋಜು ಸಿಗಲಿಲ್ಲ. ಹೇಳಿದ್ದನ್ನೇ ಕೊಳ್ಳುವವಳು, ಕೊಂಡದ್ದನ್ನೇ ಹೇಳುವವಳು. ಅಂಥವಳ ಹೆಸರಿನ ಪಕ್ಕದಲ್ಲಿ ಈ ಊರಿನ ದೊಡ್ಡ ಮನುಷ್ಯರೊಬ್ಬರು ಏನು ಬರೆದರು ಎಂಬುದನ್ನು ನೆನೆದರೆ ಈಗಲೂ ನಾನು ತಕ್ಕಡಿಯಲ್ಲಿ ತೂಕ ತಪ್ಪುತ್ತೇನೆ.

ಅವಳು ಸೆಪ್ಟಿಮಸ್ ಆಂಬ್ಲರ್ ಸಾಹೇಬರ ಉಣ್ಣೆ ಮಿಲ್ಲಿನಲ್ಲಿ ಎರಡು ಮಗ್ಗ ನೋಡಿಕೊಳ್ಳುತ್ತಿದ್ದಳು. ಕುಳ್ಳು, ಅಗಲ ಭುಜ, ಸದಾ ಕಂದು ಶಾಲು. ಮಗ್ಗದ ಗದ್ದಲಕ್ಕೆ ಕಿವಿ ಮಂದವಾಗಿ, ನೇಕಾರ ಹೆಂಗಸರೆಲ್ಲರ ಹಾಗೆ ಎದುರಿನವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದಳು. ಅವಳಿಗೆ ಕೇಳಿಸಬಾರದೆಂದು ಪಿಸುಗುಟ್ಟಿ ಪ್ರಯೋಜನವಿರಲಿಲ್ಲ, ಬೆನ್ನು ತಿರುಗಿಸಿಯೇ ಮಾತಾಡಬೇಕಿತ್ತು. ಗಂಡ ವಾಲ್ಟರ್ ಒಂದು ಸಂಬಳದ ಶನಿವಾರ ಹೆಂಡದಂಗಡಿಯಿಂದ ಹೊರಟವನು ಮನೆ ಸೇರಲಿಲ್ಲ. ಸೋಮವಾರ ಮಿಲ್ಲಿನ ಕೆರೆಯ ತೂಬಿನಲ್ಲಿ ಸಿಕ್ಕಿದ. ಆಗ ಅವಳಿಗೆ ಇಪ್ಪತ್ತಾರು.

ಬೇರೆಯವರಾಗಿದ್ದರೆ ಮತ್ತೊಂದು ಮದುವೆ ಆಗುತ್ತಿದ್ದರು, ಇಲ್ಲವೇ ತಾವೂ ಕುಡಿತ ಕಲಿಯುತ್ತಿದ್ದರು. ಡಾರ್ಕಸ್ ಕೆಲವು ವರ್ಷ ಸುಮ್ಮನಿದ್ದು, ಆಮೇಲೆ ಪ್ರಾರ್ಥನಾಮಂದಿರದ ನೆಲಮಾಳಿಗೆಯಲ್ಲಿ ಒಂಬತ್ತು ಮಕ್ಕಳನ್ನು ಸೇರಿಸಿ ಪಾನವಿರೋಧಿ ಮಕ್ಕಳ ಬಳಗ ಶುರುಮಾಡಿದಳು. ಪ್ರತಿ ಬುಧವಾರ ಸಂಜೆ ಮಿಲ್ಲು ಬಿಟ್ಟ ಮೇಲೆ ಹಾಡು, ಕತೆ, ತಲಾ ಒಂದು ಬಿಸ್ಕತ್ತು. ಮದ್ಯ ಮುಟ್ಟುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ ಮಗು ದಪ್ಪನೆಯ ಪುಸ್ತಕವೊಂದರಲ್ಲಿ ತನ್ನ ಹೆಸರು ತಾನೇ ಬರೆಯಬೇಕು. ಮೊದಲ ಹೆಸರು ಅವಳದೇ ಇರಬೇಕಲ್ಲ? ಅವಳಿಗೋ ಅಕ್ಷರ ಬಾರದು. ನನ್ನ ಅಂಗಡಿಯಿಂದ ಸ್ಲೇಟು ಕೊಂಡು, ಮಕ್ಕಳ ಜೊತೆ ಕೂತು, ಮೂರು ತಿಂಗಳು ತಿದ್ದಿ, ಆಮೇಲೆ ಬರೆದಳು. ಅಲ್ಲಿಯವರೆಗೆ ಮೊದಲ ಸಾಲು ಖಾಲಿ ಇಟ್ಟು ಮಕ್ಕಳು ಎರಡನೆಯ ಸಾಲಿನಿಂದ ಬರೆದಿದ್ದವು. ನೇಗಿಲು ಎಳೆದ ಹಾಗಿದ್ದವು ಆ ಅಕ್ಷರಗಳು. ಅವಳು ಬದುಕಿನಲ್ಲಿ ಮೊದಲು ಬರೆದದ್ದು ಅವೇ.

ಹನ್ನೊಂದು ವರ್ಷದಲ್ಲಿ ಪುಸ್ತಕದಲ್ಲಿ ಎಂಬತ್ತು ಚಿಲ್ಲರೆ ಮಕ್ಕಳಾದರು. ಅಷ್ಟಾದ ಮೇಲೆ ಊರಿನ ದೊಡ್ಡವರಿಗೆ ಬಳಗ ಕಣ್ಣಿಗೆ ಬಿತ್ತು. ಒಂದು ಸಮಿತಿಯಾಯಿತು, ಆಂಬ್ಲರ್ ಸಾಹೇಬರು ಅಧ್ಯಕ್ಷರಾದರು. ಕೆಲಸ ಮೊದಲಿನ ಹಾಗೇ ಡಾರ್ಕಸ್ ಮಾಡುತ್ತಿದ್ದಳು, ಭಾಷಣ ಇವರು ಮಾಡುತ್ತಿದ್ದರು.

ವರ್ಷಕ್ಕೊಮ್ಮೆ, ಪೆಂಟೆಕೋಸ್ಟ್ ಹಬ್ಬದ ಮರುದಿನ ಮಿಲ್ಲಿಗೆ ರಜೆಯಿರುವ ವಿಟ್ ಸೋಮವಾರದಂದು, ಮಕ್ಕಳನ್ನು ಹಾರ್ಗಿಲ್‌ನ ಪಾಳು ಕೋಟೆಗೆ ಕರೆದುಕೊಂಡು ಹೋಗುವುದು ವಾಡಿಕೆ. ಕಲ್ಲಿದ್ದಲಿನ ಗಾಡಿಗಳನ್ನು ತೊಳೆದು, ಬೆಂಚು ಹಾಕಿ, ಮಕ್ಕಳನ್ನು ತುಂಬುತ್ತಿದ್ದರು. ಬಿಳಿ ಅಂಗಿ, ಎದೆಗೆ ಅಡ್ಡ ನೀಲಿ ಪಟ್ಟಿ, ಕೊರಳಿಗೆ ದಾರ ಕಟ್ಟಿ ತೂಗುಹಾಕಿದ ತಗಡಿನ ಲೋಟ. ಒಣದ್ರಾಕ್ಷಿ ಬನ್ನು ನನ್ನದು. ಕುಡಿಯಲು ಡಾರ್ಕಸ್ ಮಾಡುವ ತುರಿಕೆಸೊಪ್ಪಿನ ಪಾನಕ. ಎಳೆಯ ತುರಿಕೆಸೊಪ್ಪು ಬೇಯಿಸಿ ಸೋಸಿ, ಸಕ್ಕರೆ, ನಿಂಬೆ, ಶುಂಠಿ ಹಾಕಿ, ಬ್ರೆಡ್ಡು ಸುಡುವವನ ಹತ್ತಿರ ತಂದ ಒಂದು ಚಮಚ ಹುದುಗು ಬೆರೆಸಿ, ಕಲ್ಲಿನ ಸೀಸೆಗಳಿಗೆ ತುಂಬಿ ಬಿರಡೆ ಕಟ್ಟುವುದು. ಮೂರನೆಯ ದಿನ ಕುಡಿದರೆ ಮೂಗಿಗೆ ಚುರ್ರೆನ್ನುತ್ತದೆ. ಸಮಿತಿಯವರೂ ಕುಡಿದು ಬಾಯಿ ಚಪ್ಪರಿಸುತ್ತಿದ್ದರು. ಆಂಬ್ಲರ್ ಸಾಹೇಬರು ಹಿಂದಿನ ವರ್ಷ ಎರಡು ಲೋಟ ಕುಡಿದದ್ದನ್ನು ನಾನೇ ನೋಡಿದ್ದೇನೆ.

ನಮ್ಮ ಕಣಿವೆಯಲ್ಲಿ ಜವೆಯಿಂದ ಇಳಿಸಿದ್ದು ಮಾತ್ರ ಮದ್ಯ. ಬೇಲಿಯ ಸೊಪ್ಪಿನಿಂದ ಮಾಡಿದ್ದು ಎಷ್ಟು ನೊರೆ ಕಕ್ಕಿದರೂ ಪಾನಕವೇ. ಅಜ್ಜಿಯಂದಿರು ಹಾಗೆ ಹೇಳಿದ್ದರು, ಪಾದ್ರಿಗಳು ಹಾಗೆ ನಂಬಿದ್ದರು. ಹುದುಗು ಬಿದ್ದ ಸಕ್ಕರೆ ನೀರನ್ನು ದಿನಗಟ್ಟಲೆ ಬಿಟ್ಟರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತೆ ಎಂದು ಕೇಳಿದರೆ, ಅರ್ಧ ಗೊತ್ತಿತ್ತು. ಅರ್ಧ ಗೊತ್ತಿದ್ದವನು ಬಾಯಿ ಮುಚ್ಚಿಕೊಂಡಿರುವುದು ನಮ್ಮ ಕಸುಬಿನ ಗುಣ.

ನಾನು ಹೇಳುತ್ತಿರುವುದು ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ಆ ವರ್ಷ ಡಾರ್ಕಸ್ ಎಂದಿನಂತೆ ಶುಕ್ರವಾರ ಪಾನಕ ತುಂಬಿಟ್ಟಳು. ಶನಿವಾರ ಆಂಬ್ಲರ್ ಸಾಹೇಬರಿಂದ ಚೀಟಿ ಬಂತು: ಪ್ರವಾಸ ಹನ್ನೆರಡು ದಿನ ಮುಂದಕ್ಕೆ. ಕಾರಣವೇನೆಂದರೆ, ಪಾರ್ಲಿಮೆಂಟಿನ ಸದಸ್ಯರೊಬ್ಬರ ತಮ್ಮ ಬಂದು ಮಕ್ಕಳನ್ನು ಕುರಿತು ನಾಲ್ಕು ಮಾತಾಡಲು ಒಪ್ಪಿದ್ದಾರೆ, ಅವರಿಗೆ ಸೋಮವಾರ ಬಿಡುವಿಲ್ಲ. ಎಂಬತ್ತು ಮಕ್ಕಳು ವರ್ಷವಿಡೀ ಕಾದ ದಿನ ಹೋದರೆ ಹೋಯಿತು, ತಮ್ಮ ಬರುತ್ತಾರಲ್ಲ.

ಡಾರ್ಕಸ್ ಸಮಿತಿಗೆ ಹೇಳಿ ಕಳಿಸಿದಳು. ಪಾನಕ ಅಷ್ಟು ದಿನ ಇರುವುದಿಲ್ಲ, ಹುಳಿಯಾಗುತ್ತದೆ, ಸೀಸೆಗಳೂ ಒಡೆಯಬಹುದು, ಇದನ್ನು ಚೆಲ್ಲಿ ಹೊಸದು ಮಾಡಲು ಅಪ್ಪಣೆ ಕೊಡಿ ಎಂದು. ಚಂದಾ ಹಣದ ಸಕ್ಕರೆಯನ್ನು ಚರಂಡಿಗೆ ಚೆಲ್ಲುವುದು ಬೇಡ, ದುಂದುಗಾರಿಕೆಯೂ ಒಂದು ಚಟವೇ ಎಂದು ಸಾಹೇಬರ ಅಪ್ಪಣೆ ಕಾರ್ಯದರ್ಶಿಯ ಅಕ್ಷರದಲ್ಲಿ ಉತ್ತರವಾಗಿ ಬಂತು. ಈ ಮಾತನ್ನು ಅವಳು ನನ್ನ ಅಂಗಡಿಯಲ್ಲಿ ನಿಂತು ನನಗೆ ಹೇಳಿದಳು. ಹೊಸ ಸಕ್ಕರೆ ನಾನೇ ಕೊಡಬಹುದಿತ್ತು. ಕೊಡಬೇಕೆಂದು ಹೊಳೆಯಲಿಲ್ಲ. ಸಾಹೇಬರ ಜಿಪುಣತನಕ್ಕೆ ನಕ್ಕು, ಅವಳಿಗೆ ಸೋಪು ಕಟ್ಟಿಕೊಟ್ಟು ಕಳಿಸಿದೆ. ಸಿಟ್ಟು ಬಂದಾಗ ಆ ಲೆಕ್ಕಕ್ಕೆ ನನ್ನನ್ನೂ ಸೇರಿಸಿಕೊಂಡೇ ಸಿಟ್ಟಾಗುತ್ತೇನೆ.

ಆ ಹನ್ನೆರಡು ದಿನವೂ ಬಿಸಿಲು ಕಾಯಿತು. ನಮ್ಮ ಕಣಿವೆಯಲ್ಲಿ ಅಂಥ ಬಿಸಿಲು ಹತ್ತು ವರ್ಷಕ್ಕೊಮ್ಮೆ ಬರುತ್ತದೆ.

ಶನಿವಾರ ಮಧ್ಯಾಹ್ನ ಮಿಲ್ಲಿನ ಗಂಟೆ ಹೊಡೆದ ಮೇಲೆ ಗಾಡಿಗಳು ಹೊರಟವು. ನನ್ನ ಬನ್ನಿನ ಬುಟ್ಟಿಗಳಿದ್ದದ್ದು ಜೇಬೆಜ್ ಎಂಬ ಗಾಡಿಯವನ ಗಾಡಿಯಲ್ಲಿ. ಜೇಬೆಜ್ ಯಾವ ಪ್ರತಿಜ್ಞೆಯನ್ನೂ ಮಾಡಿದವನಲ್ಲ, ಅದನ್ನು ಮುಚ್ಚಿಟ್ಟವನೂ ಅಲ್ಲ. ಆಂಬ್ಲರ್ ಸಾಹೇಬರು, ಅವರ ಹೆಂಡತಿ, ಸಮಿತಿಯವರು ಬೇರೆ ಗಾಡಿಯಲ್ಲಿ ಬಂದರು. ಪಾರ್ಲಿಮೆಂಟ್ ಸದಸ್ಯರ ತಮ್ಮ ಬರಲಿಲ್ಲ. ನೆಗಡಿಯಂತೆ. ಅವರ ಪಾಲಿನ ಭಾಷಣವನ್ನೂ ಆಂಬ್ಲರ್ ಸಾಹೇಬರೇ ಮಾಡುವುದೆಂದು ತೀರ್ಮಾನವಾಯಿತು.

ಡಾರ್ಕಸ್ ಸೀಸೆಗಳನ್ನು ತಣ್ಣಗಿರಲಿ ಎಂದು ಕೋಟೆಯ ಒಣಗಿದ ಬಾವಿಯ ಮೆಟ್ಟಿಲ ಮೇಲೆ ಇಳಿಸಿ ಇಟ್ಟಳು. ಹೋದ ಕೂಡಲೇ ಬಾಯಾರಿದ ಮಕ್ಕಳಿಗೆ ಅರ್ಧರ್ಧ ಲೋಟ ಹಂಚಿದ್ದೂ ಆಯಿತು. ಎಂದಿಗಿಂತ ಖಾರವಾಗಿದೆ ಎಂದು ಮಕ್ಕಳು ಮುಖ ಕಿವುಚಿ, ಇನ್ನಷ್ಟು ಕೇಳಿದವು. ಆಮೇಲೆ ಸಾಹೇಬರು ಸೂರು ಕುಸಿದ ದೊಡ್ಡ ಹಜಾರದಲ್ಲಿ ಮಕ್ಕಳನ್ನು ಹುಲ್ಲಿನ ಮೇಲೆ ಕೂರಿಸಿ, ಬಿದ್ದ ಕಂಬದ ಮೇಲೆ ಹತ್ತಿ ನಿಂತರು. ಬನ್ನು ಭಾಷಣದ ನಂತರವೇ ಎಂದರು. ಈ ಕೋಟೆ ಬಿದ್ದದ್ದೇ ಕುಡಿತದಿಂದ, ಇದರ ಒಡೆಯರು ಕುಡಿದು ಮಲಗಿದ್ದಾಗ ಶತ್ರುಗಳು ನುಗ್ಗಿದರು ಎಂದರು. ಇದನ್ನು ಅವರಿಗೆ ಯಾರು ಹೇಳಿದರೋ ದೇವರಿಗೇ ಗೊತ್ತು. ನೆತ್ತಿಯ ಮೇಲೆ ಬಿಸಿಲು, ಹೊಟ್ಟೆಯಲ್ಲಿ ಹಸಿವು, ಮುಕ್ಕಾಲು ಗಂಟೆ ಕಳೆಯಿತು. ಸಣ್ಣ ಮಕ್ಕಳು ಒಂದರ ಮೇಲೊಂದು ಒರಗಿ ತೂಕಡಿಸಿದವು. ದೊಡ್ಡವು ಗೋಡೆಯ ಕಾಗೆಗಳನ್ನು ಎಣಿಸುತ್ತಿದ್ದವು.

ಸಾಹೇಬರು ಕೈ ಎತ್ತಿ, ಕುಡುಕನ ಆತ್ಮದ ಬಾಗಿಲನ್ನು ಸೈತಾನ ಬಡಿಯುವ ಸದ್ದು ನಿಮಗೆ ಕೇಳಿಸುತ್ತಿಲ್ಲವೇ ಎಂದು ಕೇಳಿದರು. ಬಾವಿಯೊಳಗೆ ಢಂ ಎಂದಿತು. ಒಂದು ಬಿರಡೆ. ಹಿಂದೆಯೇ ಇನ್ನೆರಡು, ಆಮೇಲೆ ಐದಾರು ಒಟ್ಟಿಗೆ. ಬಾವಿಯ ಗೋಡೆಗೆ ಸದ್ದು ಹೊಡೆದು ಫಿರಂಗಿಯ ಹಾಗೆ ಮೇಲೆ ಬಂತು. ಕಾಗೆಗಳೆಲ್ಲ ಎದ್ದವು. ಮಕ್ಕಳು ನಗಲು ಶುರುಮಾಡಿದವು ನೋಡಿ, ತಡೆಯುವವರಿಲ್ಲ. ತೂಕಡಿಸುತ್ತಿದ್ದವು ಎದ್ದು, ಏಕೆಂದು ತಿಳಿಯದೆ ಅವೂ ನಕ್ಕವು. ಸಮಿತಿಯ ಕಾರ್ಯದರ್ಶಿ ಕೂಡ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡದ್ದನ್ನು ಕಂಡೆ.

ಆ ನಗು ಇಲ್ಲದಿದ್ದರೆ ಮುಂದಿನದು ಆಗುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಎರಡು ಲೋಟ ಕುಡಿದು ಹೊಗಳಿದ ಮನುಷ್ಯನಿಗೆ ಅದೇ ಪಾನಕ ಏಕಾಏಕಿ ಪಾಪವಾಗಿ ಕಂಡದ್ದು ನಗೆಪಾಟಲಾದ ಮೇಲೆ. ಕಂಬದಿಂದ ಇಳಿದು, ಒಂದು ಹುಡುಗಿಯ ಕೊರಳಿನ ಲೋಟವನ್ನು ದಾರದ ಸಮೇತ ಎಳೆದು, ತಳದಲ್ಲಿದ್ದ ಗುಟುಕು ಕುಡಿದು, ಬಾಯಿ ಒರೆಸಿಕೊಂಡರು.

“ಇದು ಬಿಯರ್” ಎಂದರು.

“ಯಜಮಾನ್ರಿಗೆ ಹೆಂಗಪ್ಪಾ ಗೊತ್ತಾಯ್ತು ಅದರ ರುಚಿ?” ಎಂದ ಜೇಬೆಜ್, ಯಾರನ್ನೂ ಕುರಿತಲ್ಲ, ಕುದುರೆಗೆ ಹೇಳುವ ಹಾಗೆ.

ಇನ್ನೊಮ್ಮೆ ನಗು ಎದ್ದಿತು. ಅದರ ಬೆಲೆಯನ್ನು ತೆತ್ತವಳು ಡಾರ್ಕಸ್. ಸಾಹೇಬರು ಅವಳ ಕಡೆ ತಿರುಗಿ, ತುಟಿ ಬಿಡಿಸಿ ಬಿಡಿಸಿ, ಅವಳಿಗೆ ಒಂದು ಅಕ್ಷರವೂ ತಪ್ಪದಂತೆ ಹೇಳಿದರು: “ಇಷ್ಟೂ ಮಕ್ಕಳ ಬಾಯಿಗೆ ಹೆಂಡ ಹಾಕಿದ್ದೀಯಲ್ಲ ಡಾರ್ಕಸ್. ಗಂಡನ್ನ ತಿಂದಿದ್ದು ಸಾಲದಾಯ್ತಾ?”

ಅವಳು ಆ ಲೋಟ ಇಸಿದುಕೊಂಡು ಮೂಸಿದಳು. ಅವಳಿಗೆ ಆ ವಾಸನೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು, ಅದರ ಜೊತೆ ಸಂಸಾರ ಮಾಡಿದವಳು. ಕಂದು ಶಾಲಿನ ಮೇಲಿನ ಮುಖ ಸುಣ್ಣದ ಗೋಡೆಯಾಯಿತು. ನಾನೇ ಮಾಡಿದ್ದು, ನನಗೆ ತಿಳಿದಿರಲಿಲ್ಲ, ಆದರೆ ಇದು ಅದೇ ಹೌದು ಎಂದಳು. ಹನ್ನೆರಡು ದಿನದ ಮಾತೆತ್ತಲಿಲ್ಲ, ಚೆಲ್ಲಲು ಕೇಳಿದ್ದೆ ಎನ್ನಲಿಲ್ಲ. ಕಾರ್ಯದರ್ಶಿ ಎಂಬ ಗಂಡಸು ತಾನೇ ಕೈಯಾರೆ ಬರೆದ ಉತ್ತರವನ್ನು ಮರೆತು ತನ್ನ ಬೂಟಿನ ತುದಿ ನೋಡುತ್ತಿದ್ದ.

ಪುಸ್ತಕ ಅಲ್ಲಿಯೇ ಇತ್ತು. ಕೋಟೆಯ ಸಂದುಗೊಂದಿನಲ್ಲಿ ಯಾವ ಮಗುವೂ ಉಳಿಯಬಾರದೆಂದು ಹೊರಡುವಾಗ ಹೆಸರು ಕೂಗಲು ಅವಳು ತಗಡಿನ ಪೆಟ್ಟಿಗೆಯಲ್ಲಿ ತರುತ್ತಿದ್ದಳು. ಸಾಹೇಬರು ಅದನ್ನು ತರಿಸಿ, ಇಂದು ಕುಡಿದ ಪ್ರತಿಯೊಬ್ಬರ ಹೆಸರಿಗೂ ಗೀಟು ಎಳೆಯುವುದಾಗಿ ಹೇಳಿದರು. ಪ್ರತಿಜ್ಞೆ ಮುರಿದವರು ಹೆಸರು ಬರೆದ ದಿನ ಬಳಗ ಕೊಟ್ಟ ಪದಕ ಒಪ್ಪಿಸಿ, ಸಮಿತಿಯ ಮುಂದೆ ತಪ್ಪೊಪ್ಪಿಕೊಂಡು ಹೊಸದಾಗಿ ಬರೆಯಬೇಕಂತೆ. ಪದಕವೆಂದರೆ ಒಂದು ತುಣುಕು ತಗಡು, ಸರಿ. ಆದರೆ ಕುಡುಕ ಅಪ್ಪನ ಮನೆಯಲ್ಲಿ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುವ ಮಕ್ಕಳು ಅಲ್ಲಿ ಎಷ್ಟಿದ್ದರೆಂದು ನನಗೆ ಗೊತ್ತು. ಒಂದು ಅಳಲು ಶುರುಮಾಡಿತು, ಹತ್ತು ಅತ್ತವು.

ಡಾರ್ಕಸ್ ಮುಂದೆ ಬಂದಳು. “ನಂದು ಹೊಡೀರಿ ಯಜಮಾನ್ರೇ. ನಂದೊಂದೇ. ಅವು ನಾನ್ ಕೊಟ್ಟಿದ್ದನ್ನ ಕುಡುದ್ವು.”

“ನಿಯಮ ಅಂದ್ರೆ ನಿಯಮ. ನಿನ್ನಿಂದಲೇ ಶುರು ಮಾಡ್ತೀನಿ.”

ನನಗೆ ಇನ್ನು ತಡೆಯಲಾಗಲಿಲ್ಲ. ಆಂಬ್ಲರ್ ಅಮ್ಮನವರು ತಿಂಗಳಿಗೆ ನಾಲ್ಕು ಸಲ ನನ್ನಿಂದ ತರಿಸುವ ಹಸಿರು ಸೀಸೆಯ ಟಾನಿಕ್ಕು ಆಗಲೂ ಅವರ ಬುಟ್ಟಿಯಲ್ಲಿತ್ತು. ನರದೌರ್ಬಲ್ಯಕ್ಕೆ ಎಂದು ಚೀಟಿ ಹೇಳುತ್ತದೆ. ಅದರಲ್ಲಿ ಐದನೆಯ ಒಂದು ಪಾಲು ಸಾರಾಯಿ ಎಂದು ಚೀಟಿ ಹೇಳುವುದಿಲ್ಲ, ಅದನ್ನು ನನಗೆ ತಂದುಕೊಡುವವನು ಹೇಳಿದ್ದ. ಡಾರ್ಕಸಳ ಇಡೀ ಸೀಸೆಗಿಂತ ಅದರ ಒಂದು ಚಮಚ ಜೋರು. ಹಾಗೆಂದು ಹೇಳಿಬಿಡುತ್ತೇನೆ ನೋಡು ಎಂದು ಜೇಬೆಜ್‌ನ ಕಿವಿಯಲ್ಲಿ ಹೇಳಿ ಹೆಜ್ಜೆ ಮುಂದಿಟ್ಟೆ. ನನ್ನ ದನಿ ಹೊರಗೆ ಬರುವ ಮೊದಲೇ ಡಾರ್ಕಸ್ ಆಚೆಯಿಂದ ನನ್ನ ತುಟಿ ಓದಿದ್ದಳು. ಹತ್ತಿರ ಬಂದು ನನ್ನ ತೋಳು ಹಿಡಿದಳು.

“ಬ್ಯಾಡಿ ಬಿನ್ಸ್ ಅವ್ರೇ. ಆ ತಾಯಿ ಎರಡು ಕೂಸ್ನ ಮಣ್ಣಿಗೆ ಕೊಟ್ಟವ್ರೆ. ಮಕ್ಕಳ ಮುಂದೆ ಅವರ ಮಾನ ತೆಗೀಬ್ಯಾಡಿ.”

ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದೆ. ಅವಳ ಮಾನ ತೆಗೆಯುತ್ತಿದ್ದವರ ಮನೆಯ ಮಾನವನ್ನು ಅವಳು ಕಾಯುತ್ತಿದ್ದಳು, ಅದನ್ನು ಅವರಿಗೆ ಹೇಳುವಂತೆಯೂ ಇರಲಿಲ್ಲ. ಅಂದಿನಷ್ಟು ಮೈ ಉರಿದದ್ದು ನನಗೆ ಮತ್ತೆಂದೂ ಇಲ್ಲ.

ಆಂಬ್ಲರ್ ಸಾಹೇಬರು ಮೊದಲ ಪುಟ ತೆರೆದು, ಮೊದಲ ಸಾಲಿನ ಮೇಲೆ ಗೀಟು ಎಳೆದರು. ಅಷ್ಟಕ್ಕೆ ತೃಪ್ತಿಯಾಗದೆ ಪಕ್ಕದಲ್ಲಿ ತಮ್ಮ ಮುದ್ದಾದ ಅಕ್ಷರದಲ್ಲಿ ಬರೆದರು: ಮಕ್ಕಳಿಗೆ ಮದ್ಯ ಕುಡಿಸಿದ್ದಕ್ಕಾಗಿ. ಬರೆದದ್ದನ್ನು ಗಟ್ಟಿಯಾಗಿ ಓದಿದರು. ಆಮೇಲೆ ಲೇಖನಿಯನ್ನು ಎರಡನೆಯ ಸಾಲಿಗೆ ತಂದರು.

ಪುಟದ ಮೇಲೆ ಡಾರ್ಕಸಳ ಕೈ ಬಿತ್ತು. ಮಗ್ಗದ ಎಣ್ಣೆ ಉಗುರಿನೊಳಗೆ ಕೂತ, ಮರದ ಹಲಗೆಯಂಥ ಕೈ. ಲೇಖನಿಯ ಮಸಿ ಅವಳ ಬೆರಳಿನ ಮೇಲೆ ಚೆಲ್ಲಿತು.

“ನಂದು ನೀವು ಹೊಡೆದಾಯ್ತು, ನಾನು ಬ್ಯಾಡ ಅನ್ನಲಿಲ್ಲ” ಎಂದಳು. ಕಿವಿ ಮಂದವಾದವರ ದನಿ, ಇಡೀ ಕೋಟೆಗೆ ಕೇಳಿಸಿತು. “ಇವು ತಪ್ಪು ಮಾಡಿಲ್ಲ. ಇವುಗಳ ಹೆಸ್ರ ಮೇಲೆ ಗೀಟು ಬೀಳಾಕೆ ನಾನ್ ಬಿಡಲ್ಲ.”

“ಕೈ ತೆಗಿ. ಸೋಮವಾರ ನಿನಗೆ ಮಗ್ಗ ಇರೋದು ನನ್ನ ಮಿಲ್ಲಲ್ಲಿ, ನೆನಪಿದೆಯಾ?”

“ಅದೆ. ನೆನಪದೆ.”

ಕೈ ತೆಗೆಯಲಿಲ್ಲ. ಪುಸ್ತಕವನ್ನು ಮುಚ್ಚಿ, ಶಾಲಿನೊಳಗೆ ಸುತ್ತಿಕೊಂಡಳು. ಸಾಹೇಬರು ಸಮಿತಿಯ ಕಡೆ ನೋಡಿದರು. ಒಬ್ಬ ಹೆಂಗಸಿನ ಶಾಲಿಗೆ ಕೈ ಹಾಕಲು ಯಾವ ಗಂಡಸೂ ಮುಂದೆ ಬರಲಿಲ್ಲ. ಅಂದು ಆ ಸಮಿತಿ ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಗಾಡಿಗಳು ಸಮಿತಿಯವು, ಅವಳು ಹತ್ತಕೂಡದು ಎಂದರು ಸಾಹೇಬರು. ಸರಿ ಎಂದು ಬಾವಿಯಲ್ಲಿ ಉಳಿದಿದ್ದ ಸೀಸೆಗಳನ್ನೆಲ್ಲ ಹುಲ್ಲಿಗೆ ಸುರಿದು, ಪುಸ್ತಕ ನೋಡಿ ಹೆಸರು ಕೂಗಿ, ಒಂದು ಮಗುವೂ ಕಡಿಮೆಯಿಲ್ಲವೆಂದು ಖಾತ್ರಿಮಾಡಿಕೊಂಡು, ಐದು ಮೈಲಿ ನಡೆಯಲು ಹೊರಟಳು. ದೊಡ್ಡ ಮಕ್ಕಳು ಗಾಡಿಯಿಂದ ಧುಮುಕಿ ಅವಳ ಹಿಂದೆ ನಡೆದವು. ಸಣ್ಣವನ್ನು ಜೇಬೆಜ್ ತನ್ನ ಗಾಡಿಯಲ್ಲಿ ಅವಳ ಹೆಜ್ಜೆಗೆ ಸಮವಾಗಿ ಓಡಿಸಿದ. ಬನ್ನು ಹಂಚಿದ್ದು ದಾರಿಯಲ್ಲಿ. ನಾನೂ ನಡೆದೆ. ಯಾರೂ ಹಾಡಲಿಲ್ಲ.

ಬುಧವಾರ ನೆಲಮಾಳಿಗೆಗೆ ಬೀಗ ಬಿದ್ದಿತ್ತು. ಶುಕ್ರವಾರ ಅವಳು ನೇಯ್ದ ಬಟ್ಟೆಯಲ್ಲಿ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ, ಮೇಸ್ತ್ರಿಗೆ ದೋಷ ಕಾಣಿಸಿತು. ಒಂದಲ್ಲ, ಮೂರು. ಮಗ್ಗ ಹೋಯಿತು. ಆಂಬ್ಲರ್ ಸಾಹೇಬರ ಮಿಲ್ಲು ಬಿಟ್ಟವರನ್ನು ನಮ್ಮ ಕಣಿವೆಯ ಬೇರೆ ಮಿಲ್ಲಿನವರು ಸೇರಿಸಿಕೊಳ್ಳುವ ಪದ್ಧತಿಯಿಲ್ಲ, ಆದ್ದರಿಂದ ಅವಳು ಊರವರ ಬಟ್ಟೆ ಒಗೆಯುತ್ತಾ ಉಳಿದ ಬದುಕು ಕಳೆದಳು. ನನ್ನ ಅಂಗಡಿಯ ಅಟ್ಟದ ಮೇಲೆ ಓಟ್ಸಿನ ಮೂಟೆಗಳಿದ್ದವು. ಅವನ್ನು ಗೋಡೆಗೆ ಒತ್ತಿ ಜಾಗ ಮಾಡಿದೆ. ಮೊದಲ ಬುಧವಾರ ಹನ್ನೆರಡು ಮಕ್ಕಳು ಮೂಟೆಯ ಮೇಲೆ ಕೂತವು, ತಿಂಗಳೊಳಗೆ ಕೂರಲು ಮೂಟೆ ಸಾಲಲಿಲ್ಲ. ಸಾಹೇಬರು ತಮ್ಮ ಸೊಸೆಯನ್ನು ಮುಂದಿಟ್ಟುಕೊಂಡು ಬೇರೆ ಬಳಗ ತೆಗೆದು ಬಂದವರಿಗೆಲ್ಲ ಕಿತ್ತಳೆ ಹಣ್ಣು ಕೊಟ್ಟರು. ಕಿತ್ತಳೆ ಮುಗಿದ ಮೇಲೆ ಬಳಗವೂ ಮುಗಿಯಿತು.

ಅವಳ ಹೆಸರನ್ನು ಮತ್ತೆ ಬರೆಯಲು ನಾನು ಎಷ್ಟೋ ಸಲ ಹೇಳಿದೆ. ಒಪ್ಪಲಿಲ್ಲ. ಅವರು ಬರೆದದ್ದು ಸುಳ್ಳಲ್ಲವಲ್ಲ, ಕುಡಿಸಿದ್ದು ನಿಜ ತಾನೇ ಎನ್ನುತ್ತಿದ್ದಳು. ಹನ್ನೆರಡು ದಿನ ಮುಂದಕ್ಕೆ ಹಾಕಿದವರು ಯಾರು, ಚೆಲ್ಲಬೇಡ ಎಂದವರು ಯಾರು ಎಂದು ನಾನು ಕೂಗಾಡಿದರೆ, ನನ್ನ ತುಟಿಯ ಮೇಲಿಂದ ಕಣ್ಣು ತೆಗೆದು ಕಿಟಕಿಯ ಕಡೆ ನೋಡುತ್ತಿದ್ದಳು. ಅವಳ ಜೊತೆ ಜಗಳವಾಡಲು ಆಗುತ್ತಿರಲಿಲ್ಲ, ನೋಡದಿದ್ದರೆ ಅವಳಿಗೆ ಕೇಳಿಸುವುದೇ ಇಲ್ಲವಲ್ಲ. ಬದುಕಿದ್ದಷ್ಟು ಕಾಲ ಹನಿ ಮದ್ಯ ಮುಟ್ಟದೆ, ಪ್ರತಿಜ್ಞೆ ಮಾಡಿದವರ ಪಟ್ಟಿಯಲ್ಲಿ ಹೆಸರಿಲ್ಲದೆ, ಹೋದ ಫೆಬ್ರವರಿಯಲ್ಲಿ ಎದೆಯ ಶೀತದಿಂದ ತೀರಿಕೊಂಡಳು. ಹೊರುವುದಕ್ಕೆ ಆರು ಗಂಡಸರು ಬೇಕಿತ್ತು, ನಲವತ್ತು ಜನ ಬಂದಿದ್ದರು. ಎಲ್ಲರೂ ಒಂದು ಕಾಲಕ್ಕೆ ಕೊರಳಿಗೆ ಲೋಟ ಕಟ್ಟಿಕೊಂಡಿದ್ದವರು.

ಏಪ್ರಿಲ್‌ನಲ್ಲಿ ಆಂಬ್ಲರ್ ಸಾಹೇಬರು ನನ್ನ ಅಂಗಡಿಗೆ ಬಂದರು. ಆಳನ್ನು ಕಳಿಸುವವರು ತಾವೇ ಬಂದು ನಿಂತದ್ದು ಅದೇ ಮೊದಲು. ಮುದುಕರಾಗಿದ್ದಾರೆ, ಕೋಲು ಹಿಡಿದಿದ್ದಾರೆ. ಹೊಸ ಪಾನವಿರೋಧಿ ಭವನ ಕಟ್ಟಿಸಿದ್ದಾರಲ್ಲ, ಅದರ ಬಾಗಿಲಲ್ಲೇ ಗಾಜಿನ ಪೆಟ್ಟಿಗೆ ಇಡುತ್ತಾರಂತೆ. ಅದರಲ್ಲಿ ಊರಿನ ಮೊದಲ ಪ್ರತಿಜ್ಞಾ ಪುಸ್ತಕ ಇರಬೇಕಂತೆ. ಡಾರ್ಕಸ್ ಎಂಥ ಹೆಣ್ಣುಮಗಳು ಎಂದು ನನಗೇ ವರ್ಣಿಸಿದರು. ತಮ್ಮ ಮಾರ್ಗದರ್ಶನದಲ್ಲಿ ಎಷ್ಟು ಕೆಲಸ ಮಾಡಿದಳು ಎಂದೂ ಸೇರಿಸಿದರು.

ನಾನು ಅಟ್ಟದಿಂದ ಪುಸ್ತಕ ತಂದು, ಮೊದಲ ಪುಟ ತೆರೆದು, ಮಸಿ ಮತ್ತು ಲೇಖನಿಯನ್ನು ಪಕ್ಕಕ್ಕಿಟ್ಟೆ. ಇದರ ಕೆಳಗೆ ಇದೇ ಕೈಯಿಂದ ಎರಡು ಸಾಲು ಬರೆಯಿರಿ, ಪಾನಕ ಚೆಲ್ಲಬೇಡ ಎಂದು ಅಪ್ಪಣೆ ಮಾಡಿದ್ದು ನಾನು ಎಂದು, ಆಮೇಲೆ ಈ ಕ್ಷಣವೇ ತೆಗೆದುಕೊಂಡು ಹೋಗಿ ಎಂದೆ. ಅವರು ಕನ್ನಡಕ ಹಾಕಿಕೊಂಡು ತಮ್ಮ ಅಕ್ಷರವನ್ನು ಬಹಳ ಹೊತ್ತು ಓದಿದರು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು, ಅವರೂ ಕಾದರು.

“ಹಳೇ ವಿಷಯ ಬಿಡಿ ಬಿನ್ಸ್” ಎಂದರು ಕೊನೆಗೆ. “ಮೊದಲ್ನೇ ಪುಟ ಯಾರು ನೋಡ್ತಾರೆ? ಪೆಟ್ಟಿಗೇಲಿ ನಡುವಿನ ಪುಟ ತೆರೆದಿಟ್ಟರಾಯ್ತು.”

ನಾನು ಪುಸ್ತಕ ಮುಚ್ಚಿ, ಬೇರೇನಾದರೂ ಬೇಕಿತ್ತೆ ಎಂದು ಕೇಳಿದೆ. ಬೇಡವೆಂದು ಹೋದರು.

ಪುಸ್ತಕದಲ್ಲಿ ಇನ್ನೂ ಖಾಲಿ ಹಾಳೆಗಳಿವೆ. ಬುಧವಾರದ ಸಂಜೆ ಲೇಯಾ ಡಾಸನ್ ಎಂಬ ನೇಕಾರ ಹೆಣ್ಣುಮಗಳು ಅಟ್ಟದಲ್ಲಿ ಮಕ್ಕಳನ್ನು ಕೂರಿಸಿ ಹೆಸರು ಬರೆಸುತ್ತಾಳೆ. ಹೊಸ ಭವನದ ಗಾಜಿನ ಪೆಟ್ಟಿಗೆ ಖಾಲಿ ಉಳಿಯಬಾರದಲ್ಲ, ಅದರಲ್ಲಿ ಈಗ ಆಂಬ್ಲರ್ ಸಾಹೇಬರು ಶಂಕುಸ್ಥಾಪನೆಯ ದಿನ ಗಾರೆ ಹಚ್ಚಿದ ಬೆಳ್ಳಿಯ ಕರಣೆಯನ್ನು ಇಟ್ಟಿದ್ದಾರಂತೆ.